ಮುರಿದು ತಿನ್ನುವ ಬಾದಾಮಿ ಕೇಕು: ಮಾಂತೊವಾದ ಸ್ಬ್ರಿಸೊಲೋನಾ ಮತ್ತು ದೊಡ್ಡಬೆಳವಂಗಲದ ಮುಸುಕಿನ ಜೋಳ

ಬಾದಾಮಿ ಬಳಸಿ ಮಾಡುವ ಸಾಂಪ್ರದಾಯಿಕ ಕೇಕುಗಳು ಇಟಲಿಯಲ್ಲಿ ಪ್ರಾಂತ್ಯಕ್ಕೊಂದು ಬಗೆಯಲ್ಲಿವೆ. ಅವುಗಳಲ್ಲೊಂದು ನೇಪಲ್ಸ್ ಕೊಲ್ಲಿಯ ಕಾಪ್ರಿ ದ್ವೀಪದ ಕಾಪ್ರೆಸೆ. ಬಾದಾಮಿ ಪುಡಿ, ಚಾಕೊಲೇಟು, ಬೆಣ್ಣೆ, ಸಕ್ಕರೆ, ಮೊಟ್ಟೆಗಳಿಂದ ಮಾಡುವ ಈ ಕೇಕಿಗೆ ಮೈದಾ ಬೀಳುವುದಿಲ್ಲ. 1920ರ ಸುಮಾರಿನಲ್ಲಿ ಒಬ್ಬ ಬಾಣಸಿಗ ಅವಸರದಲ್ಲಿ ಹಿಟ್ಟು ಹಾಕಲು ಮರೆತದ್ದರಿಂದಲೇ ಇದು ಹುಟ್ಟಿತೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆಯಾದರೂ, ಜನಪ್ರಿಯ ತಿನಿಸುಗಳ ಹುಟ್ಟಿಗೆ ಅಂಟಿಕೊಳ್ಳುವ ಇಂಥ ಮರೆವಿನ ಕಥೆಗಳನ್ನು ಐತಿಹ್ಯವೆಂದು ಕೇಳಿ ಬಿಡುವುದೇ ಲೇಸು. ಕಾಪ್ರೆಸೆ ರುಚಿಕರವೇನೋ ಹೌದು, ಆದರೆ ಅದು ನೊರೆಯೆಬ್ಬಿಸಿದ ಮೊಟ್ಟೆಯ ಬಲದಿಂದ ಮಾತ್ರ ಉಬ್ಬಿ ನಿಲ್ಲುವ ಕೇಕಾದ್ದರಿಂದ, ಶಾಖ ಸ್ಥಿರವಾಗಿರದ ಸಣ್ಣ ಓವನ್ನಿನಲ್ಲಿ, ನಡುವೆ ಕರೆಂಟು ಹೋಗಬಹುದಾದ ಊರಿನಲ್ಲಿ, ಮೊದಲ ಬಾರಿಗೆ ಕೇಕು ಮಾಡುವವರು ಕೈಹಾಕಬೇಕಾದ ತಿನಿಸಲ್ಲ. ಅಂಥವರಿಗೆ ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ಮಾಂತೊವಾ ನಗರದ ಸ್ಬ್ರಿಸೊಲೋನಾ ಹೆಚ್ಚು ಒಗ್ಗುತ್ತದೆ. ಇದು ಉಬ್ಬುವ ಕೇಕಲ್ಲ. ಮುಸುಕಿನ ಜೋಳದ ಹಿಟ್ಟು, ಮೈದಾ, ಬಾದಾಮಿ, ಸಕ್ಕರೆ ಮತ್ತು ಕೊಬ್ಬನ್ನು ಬೆರಳ ತುದಿಯಲ್ಲಿ ಉದುರುದುರಾಗಿ ಬೆರೆಸಿ, ಒತ್ತದೆ ಬೇಯಿಸಿ, ಚಾಕುವಿನಿಂದ ಕತ್ತರಿಸದೆ ಕೈಯಿಂದ ಮುರಿದು ತಿನ್ನುವ ಗರಿಗರಿಯಾದ ತಿನಿಸು.

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ದೊಡ್ಡಬೆಳವಂಗಲದಂಥ ಊರಿನ ಅಡುಗೆಮನೆಗೆ ಈ ಕೇಕು ಹೊಂದುವುದಕ್ಕೆ ಮುಖ್ಯ ಕಾರಣ ಅದರ ಅರ್ಧದಷ್ಟು ಹಿಟ್ಟು ಊರ ಹೊಲದಲ್ಲೇ ಬೆಳೆಯುವುದು. ರಾಗಿಯ ಜೊತೆಗೆ ಮುಸುಕಿನ ಜೋಳವೂ ಈ ಭಾಗದ ಮುಂಗಾರಿನ ಮುಖ್ಯ ಬೆಳೆಯಾಗಿದ್ದು, ಜೂನ್–ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್–ನವೆಂಬರ್ ಹೊತ್ತಿಗೆ ಕಣಕ್ಕೆ ಬರುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಕೋಳಿ ಮತ್ತು ದನಗಳ ಆಹಾರವಾಗುತ್ತದೆಯೇ ಹೊರತು ಮನೆಯ ಒಲೆಯ ಮೇಲೆ ಏರುವುದು ಕಡಿಮೆ. ಮಾಂತೊವಾದ ಸುತ್ತಲಿನ ಪೋ ನದಿಯ ಬಯಲಿನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಕೊಲಂಬಸ್ಸನ 1492ರ ಯಾನದ ನಂತರ ಅಮೆರಿಕದಿಂದ ಯುರೋಪಿಗೆ ಬಂದ ಈ ಧಾನ್ಯ ಅಲ್ಲಿಯ ರೈತರ ನಿತ್ಯದ ಊಟವಾಯಿತು; ದೊಡ್ಡಬೆಳವಂಗಲದಲ್ಲಿ ರಾಗಿ ಮುದ್ದೆಗೆ ಇರುವ ಸ್ಥಾನವೇ ಅಲ್ಲಿ ಜೋಳದ ಹಿಟ್ಟನ್ನು ನೀರಿನಲ್ಲಿ ತಿರುವಿ ಬೇಯಿಸಿದ ಪೊಲೆಂತಾಕ್ಕೆ ಇತ್ತು. ಬರೀ ಜೋಳವನ್ನೇ ಉಂಡವರಲ್ಲಿ, ನಿಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಪೆಲಾಗ್ರ ಎಂಬ ರೋಗ ಕಾಣಿಸಿಕೊಂಡು, ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಉತ್ತರ ಇಟಲಿಯ ಬಡ ರೈತರನ್ನು ಕಾಡಿದ್ದೂ ಇದೇ ಇತಿಹಾಸದ ಭಾಗವಾಗಿದೆ.

ಸ್ಬ್ರಿಸೊಲೋನಾ ಇಂಥ ಬಡತನದ ಅಡುಗೆಯಿಂದ ಬಂದದ್ದು. ಮೊದಲಿಗೆ ಅದರಲ್ಲಿ ಬಾದಾಮಿಯ ಬದಲು ಅಗ್ಗದ ಹೇಜಲ್‌ನಟ್ಟು, ಬೆಣ್ಣೆಯ ಬದಲು ಹಂದಿಯ ಕೊಬ್ಬು ಇರುತ್ತಿತ್ತೆಂದೂ, 1328ರಿಂದ 1707ರವರೆಗೆ ಮಾಂತೊವಾವನ್ನು ಆಳಿದ ಗೊಂಝಾಗ ಮನೆತನದ ಅರಮನೆಗೆ ಅದು ಏರಿದ ಮೇಲೆ ಬಾದಾಮಿಯೂ ಹೆಚ್ಚಿನ ಸಕ್ಕರೆಯೂ ಸೇರಿಕೊಂಡವೆಂದೂ ಅಲ್ಲಿಯ ಜನ ಹೇಳುತ್ತಾರೆ. ಮೈದಾ, ಜೋಳದ ಹಿಟ್ಟು, ಸಕ್ಕರೆ ಈ ಮೂರನ್ನೂ ಒಂದೊಂದು ಬಟ್ಟಲಿನಂತೆ ಸಮನಾಗಿ ಅಳೆಯುವ ಪದ್ಧತಿಯಿಂದಾಗಿ ಇದನ್ನು ಮೂರು ಬಟ್ಟಲಿನ ಕೇಕೆಂದೂ ಕರೆಯುವುದುಂಟು. ಕೈಗೆ ಸಿಕ್ಕಿದ್ದನ್ನು ಬಳಸುತ್ತಲೇ ಬೆಳೆದ ತಿನಿಸಾದ್ದರಿಂದ ಇದರ ಸಾಮಗ್ರಿಗಳನ್ನು ಊರಿಗೆ ತಕ್ಕಂತೆ ಬದಲಿಸಿಕೊಳ್ಳುವುದು ತಪ್ಪಾಗಲಾರದು. ಆದರೆ ಜೋಳದ ಹಿಟ್ಟು ಒಣಗಿರಬೇಕು, ಕೊಬ್ಬು ತಣ್ಣಗಿರಬೇಕು, ಮಿಶ್ರಣವನ್ನು ನಾದಕೂಡದು ಎಂಬ ಮೂರು ನಿಯಮಗಳನ್ನು ಸಡಿಲಿಸಿದರೆ ಸಿಗುವುದು ಸ್ಬ್ರಿಸೊಲೋನಾ ಅಲ್ಲ, ದಪ್ಪನೆಯ ಬಿಸ್ಕತ್ತು.

ಇಪ್ಪತ್ತಾರು ಸೆಂಟಿಮೀಟರ್ ಅಗಲದ ದುಂಡು ಟಿನ್ನಿಗೆ ಬೇಕಾಗುವುದು ಮೈದಾ 200 ಗ್ರಾಂ, ನುಣುಪಾದ ಹಳದಿ ಜೋಳದ ಹಿಟ್ಟು 200 ಗ್ರಾಂ, ಬಾದಾಮಿ 200 ಗ್ರಾಂ, ಸಕ್ಕರೆ 200 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಎರಡು ಮೊಟ್ಟೆಯ ಹಳದಿ ಭಾಗ, ಒಂದು ನಿಂಬೆಜಾತಿಯ ಹಣ್ಣಿನ ಹೊರಸಿಪ್ಪೆಯ ತುರಿ ಮತ್ತು ಒಂದು ಚಿಟಿಕೆ ಉಪ್ಪು. ಬೇಕಿಂಗ್ ಪೌಡರ್ ಆಗಲಿ ಅಡುಗೆ ಸೋಡಾ ಆಗಲಿ ಬೇಡ. ಚಿಕ್ಕ ಓಟಿಜಿ, ಅಂದರೆ ಮೇಲೂ ಕೆಳಗೂ ಕಾಯುವ ಕಂಬಿಗಳಿರುವ ಮೇಜಿನ ಮೇಲಿನ ವಿದ್ಯುತ್ ಓವನ್ನು, ಇರುವವರು ಎಲ್ಲವನ್ನೂ ಅರ್ಧ ಮಾಡಿಕೊಂಡು 18 ಸೆಂಟಿಮೀಟರ್ ಟಿನ್ನು ಬಳಸಿದರೆ ದಪ್ಪ ಅಷ್ಟೇ ಬರುತ್ತದೆ. ಹೀಗೆ ತೂಕಗಳೆಲ್ಲ ಒಂದೇ ಆಗಿರುವುದು ಈ ಕೇಕಿನ ದೊಡ್ಡ ಅನುಕೂಲ.

ಜೋಳದ ಹಿಟ್ಟಿನ ವಿಷಯದಲ್ಲಿ ತಪ್ಪುಗಳಾಗುವುದು ಹೆಚ್ಚು. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಎಂದು ಕೇಳಿದರೆ ಸಿಗುವ ಬಿಳಿಯ, ಮುಟ್ಟಿದರೆ ಕಿರುಗುಟ್ಟುವ ಪುಡಿ ಜೋಳದಿಂದ ಬೇರ್ಪಡಿಸಿದ ಪಿಷ್ಟ ಮಾತ್ರವಾಗಿದ್ದು, ಸೂಪು ಮತ್ತು ಗೋಬಿ ಮಂಚೂರಿಗೆ ಸರಿಹೊಂದುತ್ತದೆಯೇ ಹೊರತು ಈ ಕೇಕಿಗಲ್ಲ. ಇಲ್ಲಿ ಬೇಕಾದದ್ದು ಇಡೀ ಕಾಳನ್ನು ಬೀಸಿದ ಹಳದಿ ಹಿಟ್ಟು; ಉತ್ತರ ಭಾರತದವರ ರೊಟ್ಟಿಗಾಗಿ ಪ್ಯಾಕೆಟ್ಟಿನಲ್ಲಿ ಬರುವ ಮಕ್ಕಿ ಆಟಾ ಇದೇ. ಮನೆಯಲ್ಲಿ ಜೋಳವಿದ್ದವರು ಮಿಲ್ಲಿನಲ್ಲಿ ಬೀಸಿಸುವುದೇ ಒಳ್ಳೆಯದು, ಆದರೆ ಆ ಕಾಳು ಊಟಕ್ಕೆ ತಕ್ಕದ್ದಾಗಿರಬೇಕು. ಬಿತ್ತನೆ ಬೀಜದ ಪ್ಯಾಕೆಟ್ಟಿನಲ್ಲಿ ಉಳಿದ, ಗುಲಾಬಿ ಅಥವಾ ಕೆಂಪು ಬಣ್ಣ ಹಚ್ಚಿದ ಕಾಳಿಗೆ ಶಿಲೀಂಧ್ರನಾಶಕ ಲೇಪಿಸಿರುವುದರಿಂದ ಅದನ್ನು ತೊಳೆದೂ ತಿನ್ನಕೂಡದು. ಕಣದಲ್ಲಿ ಮಳೆಗೆ ಸಿಕ್ಕಿ ಬೂಸಲು ಹಿಡಿದ ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ, ಯಕೃತ್ತಿಗೆ ಹಾನಿ ಮಾಡುವ ಶಿಲೀಂಧ್ರ ವಿಷ ಇರಬಹುದಾಗಿದ್ದು, ಓವನ್ನಿನ ಶಾಖಕ್ಕೆ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ. ಆದ್ದರಿಂದ ಹಸಿರು ಅಥವಾ ಕಪ್ಪು ಚುಕ್ಕೆಯ ಕಾಳುಗಳನ್ನು ಆರಿಸಿ ತೆಗೆಯುವುದಕ್ಕಿಂತ ಅಂಥ ರಾಶಿಯನ್ನೇ ಬಿಟ್ಟು ಬೇರೆ ಕಾಳು ತರುವುದು ಕ್ಷೇಮ. ಒಳ್ಳೆಯ ಕಾಳನ್ನು ಕೇರಿ, ಎರಡು ಮೂರು ದಿನ ಬಿಸಿಲಿಗೆ ಹಾಕಿ, ಹಲ್ಲಿಗೆ ಕಚ್ಚಿದರೆ ಮೆತ್ತಗಾಗದೆ ಟಕ್ಕನೆ ಒಡೆಯುವಂತಾದ ಮೇಲೆ ಬೀಸಿಸಬೇಕು.

ಮಿಲ್ಲಿನಲ್ಲಿ ರಾಗಿ ಬೀಸಿದ ಬೆನ್ನಿಗೇ ಜೋಳ ಸುರಿದರೆ ಹಿಟ್ಟು ಬೂದು ಬಣ್ಣಕ್ಕೆ ತಿರುಗುವುದರಿಂದ, ಮೊದಲು ಒಂದೆರಡು ಹಿಡಿ ಜೋಳವನ್ನು ಬಿಟ್ಟು ಕಲ್ಲನ್ನು ಸ್ವಚ್ಛ ಮಾಡಿಸಿ, ಆ ಹಿಟ್ಟನ್ನು ದನಕ್ಕೆ ಎತ್ತಿಡುವುದು ರೂಢಿ. ಹಿಟ್ಟು ನುಣ್ಣಗಿರಬೇಕೆಂದರೂ ಮೈದಾದಷ್ಟು ನುಣುಪು ಬೇಡ. ಸಣ್ಣ ಕಣ್ಣಿನ ಒಂದರಿಯಲ್ಲಿ ಜರಡಿ ಹಿಡಿದಾಗ ಇಳಿಯುವ, ಬೆರಳಿಗೆ ತುಸು ತರಿ ತಾಗುವ ಹಿಟ್ಟೇ ಸರಿಯಾದದ್ದು, ಏಕೆಂದರೆ ಈ ತರಿಯಿಂದಲೇ ಕೇಕಿಗೆ ಅದರ ವಿಶಿಷ್ಟವಾದ ಕುರುಕಲು ಗುಣ ಬರುತ್ತದೆ. ಮೇಲುಳಿದ ರವೆಯನ್ನು ಉಪ್ಪಿಟ್ಟಿಗೆ ಬಳಸಬಹುದು. ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಹೀಗೆ ಬೀಸಿದ ಹಿಟ್ಟು ಬೇಗ ಕಮಟು ವಾಸನೆಗೆ ತಿರುಗುತ್ತದೆಯಾಗಿ, ಒಂದೆರಡು ಬಾರಿಗಾಗುವಷ್ಟನ್ನು ಮಾತ್ರ ಬೀಸಿಸಿ, ಉಳಿದುದನ್ನು ಫ್ರಿಜ್ಜಿನಲ್ಲಿಡುವುದು ಮೇಲು. ರಾಗಿಯನ್ನೇ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಜೋಳದ ಹಿಟ್ಟಿನಲ್ಲಿ ಕಾಲುಭಾಗವನ್ನು, ಅಂದರೆ 50 ಗ್ರಾಮನ್ನು, ಹುರಿದ ರಾಗಿ ಹಿಟ್ಟಿನಿಂದ ಭರ್ತಿ ಮಾಡಿದರೆ ಬಣ್ಣ ಗಾಢವಾಗಿ ರುಚಿಯೂ ಚೆನ್ನಾಗಿಯೇ ಇರುತ್ತದೆ. ಅದಕ್ಕಿಂತ ಹೆಚ್ಚಾದರೆ ರಾಗಿಯ ನುಣುಪಿನಲ್ಲಿ ಜೋಳದ ತರಿ ಮುಚ್ಚಿಹೋಗುತ್ತದೆ, ಜೊತೆಗೆ ಬೆಂದಿದೆಯೇ ಸೀದಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳುವುದೂ ಕಷ್ಟವಾಗುತ್ತದೆ.

ಬಾದಾಮಿಯನ್ನು ಸಿಪ್ಪೆಸಹಿತ ಬಳಸುವುದು ಮಾಂತೊವಾದ ರೂಢಿಯಾಗಿದ್ದು, ಇದರಿಂದ ಕೆಲಸವೂ ಉಳಿಯುತ್ತದೆ. ರಾತ್ರಿ ನೆನೆಸಿ ಸುಲಿದು ತಿನ್ನುವ ಇಲ್ಲಿಯ ಅಭ್ಯಾಸ ಈ ಕೇಕಿಗೆ ವರ್ಜ್ಯ. ನೆನೆದ ಬಾದಾಮಿಯ ನೀರು ಹಿಟ್ಟನ್ನು ಅಂಟಾಗಿಸುತ್ತದೆ. ನೂರೈವತ್ತು ಗ್ರಾಮಿನಷ್ಟನ್ನು ಚಾಕುವಿನಿಂದ ಒರಟಾಗಿ ಕತ್ತರಿಸಿ ಅಥವಾ ಕುಟ್ಟಾಣಿಯಲ್ಲಿ ಜಜ್ಜಿ, ಉಳಿದ 50 ಗ್ರಾಮನ್ನು ಇಡಿಯಾಗಿ ಮೇಲೆ ಹಾಕಲು ಎತ್ತಿಡಬೇಕು. ಮಿಕ್ಸಿಯನ್ನೇ ಬಳಸುವುದಾದರೆ ಎರಡು ಚಮಚ ಸಕ್ಕರೆಯೊಂದಿಗೆ ಬಿಟ್ಟು ಬಿಟ್ಟು ತಿರುಗಿಸಬೇಕು, ಇಲ್ಲವಾದರೆ ಬಾದಾಮಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಇಟಲಿಯ ಕೆಲವು ತಿನಿಸುಗಳಲ್ಲಿ ಪರಿಮಳಕ್ಕಾಗಿ ಕಹಿ ಬಾದಾಮಿ ಸೇರಿಸುವುದುಂಟಾದರೂ, ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತು ಹೊಟ್ಟೆಯಲ್ಲಿ ಸಯನೈಡ್ ಬಿಡುಗಡೆ ಮಾಡುವುದರಿಂದ ಮನೆಯಲ್ಲಿ ಅದರ ಪ್ರಯೋಗ ಬೇಡ. ಡಬ್ಬದಲ್ಲಿ ಒಂದು ಕಾಳು ಬಾಯಿಗೆ ಕಹಿಯಾದರೆ ಉಗುಳಿ, ಉಳಿದವನ್ನೂ ಪರೀಕ್ಷಿಸಿ ಬಳಸಬೇಕು. ರಸ್ತೆಬದಿಯಲ್ಲೂ ಶಾಲೆಯ ಅಂಗಳದಲ್ಲೂ ನೆರಳಿಗೆ ಬೆಳೆಸುವ ಅಗಲ ಎಲೆಯ ಬಾದಾಮಿ ಮರಕ್ಕೂ ಅಂಗಡಿಯ ಬಾದಾಮಿಗೂ ಸಂಬಂಧವಿಲ್ಲ. ಆ ಕಾಡುಬಾದಾಮಿಯ ಒಳಗಿನ ತಿರುಳು ತಿನ್ನಲು ಯೋಗ್ಯವೇ, ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುವುದೂ ಉಂಟು, ಆದರೆ 200 ಗ್ರಾಂ ಕೂಡಿಸುವಷ್ಟು ತಾಳ್ಮೆ ಯಾರಿಗೂ ಇರಲಾರದು.

ಬಾದಾಮಿಯ ಬೆಲೆ ಭಾರವೆನಿಸಿದವರು ಅರ್ಧದಷ್ಟನ್ನು ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜದಿಂದ ತುಂಬಬಹುದು. ಹೇಜಲ್‌ನಟ್ಟಿನಿಂದ ಬಾದಾಮಿಗೆ ದಾಟಿದ ಕೇಕಿಗೆ ಇದೇನೂ ಅಪಚಾರವಲ್ಲ. ಬೀಜ ಮೊದಲೇ ಹುರಿದದ್ದಾದ್ದರಿಂದ ಅದನ್ನು ಮೇಲೆ ಹರಡದೆ ಒಳಗೆ ಬೆರೆಸಬೇಕೆಂಬುದಷ್ಟೇ ಎಚ್ಚರಿಕೆ.

ಕೊಬ್ಬಿನ ಆಯ್ಕೆಯಲ್ಲಿ ಇಲ್ಲಿಯ ಅಡುಗೆಮನೆಗೆ ಒಂದು ಅನುಕೂಲವಿದೆ. ಹಳೆಯ ಪಾಕದಲ್ಲಿ ಅರ್ಧ ಬೆಣ್ಣೆ, ಅರ್ಧ ಹಂದಿಯ ಕೊಬ್ಬು ಇರುತ್ತಿದ್ದುದಕ್ಕೆ ಕಾರಣ ಅಗ್ಗವೊಂದೇ ಆಗಿರಲಿಲ್ಲ. ಬೆಣ್ಣೆಯಲ್ಲಿ ಸುಮಾರು ಶೇ 80ರಷ್ಟು ಮಾತ್ರ ಕೊಬ್ಬಿದ್ದು, ಉಳಿದುದರಲ್ಲಿ ಹೆಚ್ಚಿನದು ನೀರು. ನೀರು ತಾಗಿದ ಕೂಡಲೇ ಮೈದಾದಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ಜಾಲದಂತೆ ಹೆಣೆದುಕೊಂಡು ಹಿಟ್ಟಿಗೆ ಚಪಾತಿಯ ಜಿಗುಟನ್ನು ಕೊಡುತ್ತದೆ. ನೀರಿಲ್ಲದ ಕೊಬ್ಬಾದರೋ ಹಿಟ್ಟಿನ ಕಣಗಳಿಗೆ ಕವಚ ಕಟ್ಟಿ ಆ ಹೆಣಿಗೆಯನ್ನು ತಡೆಯುತ್ತದೆ. ಜೋಳದ ಹಿಟ್ಟಿನಲ್ಲಿ ಗ್ಲೂಟೆನ್ ಇಲ್ಲದಿರುವುದೂ ಇದೇ ದಿಕ್ಕಿನಲ್ಲಿ ನೆರವಾಗುತ್ತದೆ. ಹಂದಿಯ ಕೊಬ್ಬಿನಂತೆಯೇ ನೀರಿಲ್ಲದ, ಅದಕ್ಕಿಂತ ಪರಿಮಳದ ಕೊಬ್ಬೆಂದರೆ ತುಪ್ಪ. ಹಾಲಿನ ಡೇರಿಗೆ ಹಾಕಿ ಉಳಿದ ಹಾಲಿನಿಂದ ಮನೆಯಲ್ಲೇ ತುಪ್ಪ ಕಾಯಿಸುವ ಕುಟುಂಬಗಳು ಇನ್ನೂ ಇರುವ ಈ ಭಾಗದಲ್ಲಿ, 200 ಗ್ರಾಂ ಬೆಣ್ಣೆಯ ಬದಲು 100 ಗ್ರಾಂ ಬೆಣ್ಣೆ ಮತ್ತು 80 ಗ್ರಾಂ ಗಟ್ಟಿ ತುಪ್ಪ ಬಳಸಿದರೆ ಕೇಕು ಹೆಚ್ಚು ಉದುರುದುರಾಗುತ್ತದೆ. ರುಚಿ ಮಾಂತೊವಾದಿಂದ ತುಸು ದೂರ ಸರಿದು ಬೇಸನ್ ಉಂಡೆಯ ಕಡೆಗೆ ವಾಲುತ್ತದೆಂಬುದನ್ನೂ ಹೇಳಬೇಕು, ಆದರೆ ಅದನ್ನು ದೋಷವೆನ್ನುವವರು ಇಲ್ಲಿ ವಿರಳ. ಮನೆಯಲ್ಲಿ ಕಡೆದ ಬೆಣ್ಣೆಯನ್ನು ಬಳಸುವುದಾದರೆ ಮಜ್ಜಿಗೆಯ ಹುಳಿ ಹೋಗುವಂತೆ ತಣ್ಣೀರಿನಲ್ಲಿ ತೊಳೆದು, ಹಿಂಡಿ, ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಬೇಕು.

ಸಕ್ಕರೆಯನ್ನು ಪುಡಿಮಾಡದೆ ಹಾಗೆಯೇ ಹಾಕಬೇಕು, ಏಕೆಂದರೆ ಪೂರ್ತಿ ಕರಗದೆ ಉಳಿದ ಹರಳುಗಳೂ ಕುರುಕಲಿಗೆ ಕಾರಣವಾಗುತ್ತವೆ. ಬೆಲ್ಲ ತೇವ ಹಿಡಿದಿಡುವ ವಸ್ತುವಾದ್ದರಿಂದ ಇದಕ್ಕೆ ಸಲ್ಲದು. ಇಟಲಿಯ ದಪ್ಪ ಸಿಪ್ಪೆಯ ನಿಂಬೆಯ ಜಾಗದಲ್ಲಿ ಇಲ್ಲಿಯ ಸಣ್ಣ ನಿಂಬೆಯನ್ನು ತುರಿದರೆ ತೆಳು ಸಿಪ್ಪೆಯ ಅಡಿಯ ಬಿಳಿಯ ಭಾಗವೂ ಬಂದು ಕಹಿಯಾಗುವುದರಿಂದ, ಗಜನಿಂಬೆ ಅಥವಾ ಹೇರಳೆಕಾಯಿಯ ಹೊರಮೈಯನ್ನು ಹಗುರವಾಗಿ ತುರಿಯುವುದು ಉತ್ತಮ. ಪಕ್ಕದ ದೇವನಹಳ್ಳಿಯ ಚಕ್ಕೋತ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ದೊಡ್ಡ ಹಣ್ಣು, ಸಿಕ್ಕಾಗ ಅದರ ಹೊರಸಿಪ್ಪೆಯ ತುರಿಯನ್ನು ಒಂದು ಚಮಚ ಹಾಕಿದರೆ ಬರುವ ಪರಿಮಳ ನಿಂಬೆಗಿಂತ ಮೃದುವಾಗಿದ್ದು, ಬಾದಾಮಿಯನ್ನು ಮರೆಮಾಡುವುದಿಲ್ಲ.

ಬೆರೆಸುವ ಕೆಲಸ ಹತ್ತು ನಿಮಿಷದ್ದು. ಅಗಲವಾದ ಪಾತ್ರೆಯಲ್ಲಿ ಎರಡೂ ಹಿಟ್ಟು, ಸಕ್ಕರೆ, ಉಪ್ಪು, ಕತ್ತರಿಸಿದ ಬಾದಾಮಿಗಳನ್ನು ಕಲೆಸಿ, ಸಣ್ಣ ತುಂಡುಗಳಾಗಿ ಕತ್ತರಿಸಿದ ತಣ್ಣನೆಯ ಬೆಣ್ಣೆಯನ್ನು ಹಾಕಿ, ಅಂಗೈ ತಾಗಿಸದೆ ಬೆರಳ ತುದಿಗಳಿಂದ ಉಜ್ಜುತ್ತಾ ಹೋದರೆ ಮಿಶ್ರಣ ತರಿತರಿಯಾಗುತ್ತದೆ. ಅಂಗೈಯ ಬಿಸಿಗೆ ಬೆಣ್ಣೆ ಕರಗುವುದರಿಂದ, ಮಾರ್ಚ್‌ನಿಂದ ಮೇ ತನಕದ ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು, ಪಾತ್ರೆಯನ್ನೂ ಹಿಟ್ಟನ್ನೂ ಮೊದಲೇ ಫ್ರಿಜ್ಜಿನಲ್ಲಿಟ್ಟಿರುವುದು ಜಾಣತನ. ಆಮೇಲೆ ಸಿಪ್ಪೆಯ ತುರಿಯೊಂದಿಗೆ ಕಲಕಿದ ಮೊಟ್ಟೆಯ ಹಳದಿಯನ್ನು ಅಲ್ಲಲ್ಲಿ ಚಿಮುಕಿಸಿ, ಫೋರ್ಕಿನಿಂದ ಕೆದಕಿದಾಗ ಕಡಲೆಕಾಳಿನಿಂದ ಅಡಿಕೆಯವರೆಗಿನ ಗಾತ್ರದ ಉಂಡೆಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಇಷ್ಟಕ್ಕೆ ನಿಲ್ಲಿಸಬೇಕು. ಎಲ್ಲವನ್ನೂ ಒಂದುಗೂಡಿಸಿ ಕಣಕ ಮಾಡಬೇಕೆಂಬ ಆಸೆ, ಹೋಳಿಗೆ ಚಪಾತಿಗಳಲ್ಲಿ ಪಳಗಿದ ಕೈಗಳಿಗೆ ಬರುವುದು ಸಹಜವಾದರೂ, ಅದನ್ನು ಹತ್ತಿಕ್ಕುವುದೇ ಈ ಪಾಕದ ಅತಿ ಕಠಿಣ ಹಂತ. ಮೊಟ್ಟೆ ತಿನ್ನದವರು ಹಳದಿಯ ಬದಲು ಎರಡು ಮೂರು ಚಮಚ ಗಟ್ಟಿ ಕೆನೆ ಬಳಸಬಹುದು, ಆಗ ಕೇಕು ತುಸು ಬಿರುಸಾಗುತ್ತದೆ.

ಟಿನ್ನಿಗೆ ಬೆಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಸಿ, ಮಿಶ್ರಣವನ್ನು ಮೇಲಿನಿಂದ ಉದುರಿಸಿ, ಸಮನಾಗಿ ಹರಡಿ, ಒತ್ತದೆ ಬಿಡಬೇಕು. ಉಂಡೆಗಳ ನಡುವಿನ ಸಂದುಗಳಲ್ಲಿ ಬಿಸಿಗಾಳಿ ಹಾದುಹೋದಾಗಲೇ ಒಳಗೂ ಗರಿಗರಿಯಾಗುವುದು. ಮೇಲೆ ಇಡೀ ಬಾದಾಮಿಗಳನ್ನು ಚೆಲ್ಲಿ, ಒಂದು ಚಮಚ ಸಕ್ಕರೆ ಉದುರಿಸಿ, ಹದಿನೈದು ನಿಮಿಷ ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟ ಓವನ್ನಿನ ನಡುವಿನ ಅಂತಸ್ತಿನಲ್ಲಿ, ಮೇಲಿನ ಕೆಳಗಿನ ಎರಡೂ ಕಂಬಿಗಳು ಉರಿಯುವಂತೆ ಇಟ್ಟು, 35ರಿಂದ 45 ನಿಮಿಷ ಬೇಯಿಸಬೇಕು. ಗಡಿಯಾರಕ್ಕಿಂತ ಬಣ್ಣವನ್ನು ನಂಬುವುದು ಮೇಲು: ಅಂಚು ಕಂದಾಗಿ, ನಡುವೆ ಹೊಂಬಣ್ಣ ಬಂದಿರಬೇಕು. ಬಾದಾಮಿ ಬೇಗ ಕೆಂಪಾದರೆ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಬೇಕು. ತಳ ಬಿಳಿಚಿಕೊಂಡಿದ್ದರೆ ಕೊನೆಯ ಹತ್ತು ನಿಮಿಷ ಕೆಳಗಿನ ಅಂತಸ್ತಿಗೆ ಇಳಿಸಬೇಕು. ಬೇಯುತ್ತಿರುವಾಗ ಕರೆಂಟು ಹೋದರೆ ಬಾಗಿಲು ತೆರೆಯದೆ ಕಾದು, ಬಂದ ಮೇಲೆ ಮುಂದುವರಿಸಿದರಾಯಿತು. ಉಬ್ಬುವ ಕೇಕಾಗಿದ್ದರೆ ಅಷ್ಟರಲ್ಲಿ ಕುಸಿದು ಹಾಳಾಗುತ್ತಿತ್ತು, ಇದರಲ್ಲಿ ಕುಸಿಯುವುದಕ್ಕೇನೂ ಇಲ್ಲ. ಬೆಂಗಳೂರು ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಗಾಳಿಯ ಒತ್ತಡ ಕಡಿಮೆಯಿರುವ ಇಂಥ ಕಡೆ ವಿದೇಶಿ ಪಾಕಪುಸ್ತಕಗಳ ಸ್ಪಂಜು ಕೇಕುಗಳು ಹೆಚ್ಚು ಉಬ್ಬಿ ಆಮೇಲೆ ತಗ್ಗುವ ತೊಂದರೆಯೂ ಇದಕ್ಕೆ ತಟ್ಟುವುದಿಲ್ಲ.

ಓವನ್ನಿಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರಡಿ, ಮೇಲೆ ಕಂಬಿ ಸಿಂಬಿಯಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅರ್ಧ ಅಳತೆಯ ಟಿನ್ನನ್ನು ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಆದರೆ ಮೇಲಿನ ಶಾಖವಿಲ್ಲದ್ದರಿಂದ ಬಣ್ಣ ಬರುವುದಿಲ್ಲ, ಒಳಗೆ ನಿಲ್ಲುವ ಹಬೆಯಿಂದ ಗರಿಯೂ ಕಡಿಮೆಯಾಗುತ್ತದೆ. ಕೊನೆಯ ಹತ್ತು ನಿಮಿಷ ಮುಚ್ಚಳವನ್ನು ತುಸು ಓರೆ ಮಾಡಿಟ್ಟರೆ ಸ್ವಲ್ಪ ಸುಧಾರಿಸೀತು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಪರಿಚಯದ ಬೇಕರಿಯನ್ನು ಕೇಳುವುದು. ಹಾಸನ ಜಿಲ್ಲೆಯ ಮೂಲದ ಅಯ್ಯಂಗಾರ್ ಬೇಕರಿಗಳ ಪರಂಪರೆಯಲ್ಲಿ ಬಂದ ಅಂಗಡಿಗಳು ಈಗ ಹೋಬಳಿ ಮಟ್ಟದ ಊರುಗಳಲ್ಲೂ ಸಾಮಾನ್ಯವಾಗಿದ್ದು, ಬ್ರೆಡ್ಡು ತೆಗೆದ ಮೇಲೆ ಇಳಿಯುವ ಶಾಖದಲ್ಲಿ ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತುಗಳು ಬೇಯುವ ಹೊತ್ತೇ ಸ್ಬ್ರಿಸೊಲೋನಾಕ್ಕೂ ಹೇಳಿಮಾಡಿಸಿದ್ದು.

ಬೆಂದ ಕೇಕನ್ನು ಬಿಸಿಯಿರುವಾಗ ಟಿನ್ನಿನಿಂದ ತೆಗೆಯಲು ಹೋದರೆ ಅದು ಹುಡಿಯಾಗುತ್ತದೆ. ಒಂದೆರಡು ಗಂಟೆ ಹಾಗೆಯೇ ಬಿಟ್ಟರೆ ಕೊಬ್ಬೂ ಸಕ್ಕರೆಯೂ ಮತ್ತೆ ಗಟ್ಟಿಯಾಗಿ ತಟ್ಟೆಯಂತೆ ಎದ್ದು ಬರುತ್ತದೆ, ಮರುದಿನ ರುಚಿ ಇನ್ನೂ ಹದವಾಗಿರುತ್ತದೆ. ಪೂರ್ತಿ ಆರಿದ ಮೇಲೂ ಹಿಡಿದರೆ ಉದುರಿಹೋಗುವಂತಿದ್ದರೆ ಕೊಬ್ಬು ಕಡಿಮೆಯಾಗಿದೆಯೆಂದೂ, ಹಲ್ಲಿಗೆ ಸಿಗದಷ್ಟು ಗಟ್ಟಿಯಾಗಿದ್ದರೆ ನಾದಲಾಗಿದೆಯೆಂದೂ, ಜೋಳ ಹಸಿಯಾಗಿ ಮರಳಿನಂತೆ ಕಚ್ಚಿದರೆ ಹಿಟ್ಟು ದಪ್ಪವಾಗಿತ್ತೆಂದೂ ತಿಳಿಯಬೇಕು. ಕೊನೆಯ ಸಂದರ್ಭದಲ್ಲಿ ಮುಂದಿನ ಬಾರಿ ಮಿಶ್ರಣವನ್ನು ಬೇಯಿಸುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಬಿಟ್ಟರೆ ತರಿ ನೆನೆದು ಮೆದುವಾಗುತ್ತದೆ.

ಮಾಂತೊವಾದಲ್ಲಿ ಇಡೀ ಕೇಕನ್ನು ಊಟದ ಮೇಜಿನ ನಡುವೆ ಇಟ್ಟು, ಮುಷ್ಟಿಯಿಂದ ಗುದ್ದಿ ಒಡೆದು, ದ್ರಾಕ್ಷಿಯ ಚರಟದಿಂದ ಭಟ್ಟಿಯಿಳಿಸುವ ಗ್ರಾಪ್ಪಾ ಎಂಬ ಮದ್ಯದೊಂದಿಗೋ ಸಿಹಿ ವೈನಿನೊಂದಿಗೋ ತಿನ್ನುತ್ತಾರೆ. ಇಲ್ಲಿ ಫಿಲ್ಟರ್ ಕಾಫಿ ಸಾಕು. ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಲಿನ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿ ಬರುವ ಕಾಲದಲ್ಲಿ ಅದರ ಹುಳಿಸಿಹಿ ರಸವೂ ಚೆನ್ನಾಗಿ ಹೊಂದುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಎರಡು ವಾರದವರೆಗೆ ಇದು ಕೆಡುವುದಿಲ್ಲ, ಮಳೆಗಾಲದಲ್ಲಿ ಮೆತ್ತಗಾದ ತುಂಡುಗಳನ್ನು 150 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಕಾಯಿಸಿ ಆರಿಸಿದರೆ ಗರಿ ಮರಳುತ್ತದೆ. ಡಬ್ಬದ ತಳದಲ್ಲಿ ಉಳಿಯುವ ಪುಡಿಯನ್ನು ಗಟ್ಟಿ ಮೊಸರು ಅಥವಾ ಶಾವಿಗೆ ಪಾಯಸದ ಮೇಲೆ ಬಡಿಸುವ ಹೊತ್ತಿಗೆ ಉದುರಿಸಿಕೊಳ್ಳಬಹುದು. ಮೊದಲೇ ಹಾಕಿದರೆ ನೆನೆದು ಹೋಗುತ್ತದೆ.